ಬಯಕೆಯ ತಟ್ಟೆಗಳು

ಜೀರಿಗೆ, ಇದು ಖಂಡಿತ ಜೀರಿಗೆ, ಅದರ ಬೆನ್ನಿಗೇ ಬೆಳ್ಳುಳ್ಳಿ, ಕೆಳಗಿನ ಮಹಡಿಯ ದಲಂದಾಳ ಒಲೆಯಿಂದ ಹೊರಟು ಮೆಟ್ಟಿಲು ಹತ್ತಿ ಬರುತ್ತಿದೆ, ಹತ್ತಿರದ ನೆಂಟರ ಹಾಗೆ, ಬಾಗಿಲೂ ತಟ್ಟದೆ — ವಸೀಲಾ ಅಡುಗೆಮನೆಯ ತಣ್ಣನೆಯ ಗೋಡೆಗೆ ಹಣೆ ಒತ್ತಿ ನಿಂತಳು, ಮೂರೂವರೆ ತಿಂಗಳು, ಹೊಟ್ಟೆ ಇನ್ನೂ ಕಾಣುವುದಿಲ್ಲ, ಆದರೆ ಗಂಟಲಿನಿಂದ ಕೆಳಗೆ ಎಲ್ಲ ಅದರದೇ ಆಳ್ವಿಕೆ, ಎದೆಯಲ್ಲಿ ಉರಿ, ನಾಲಿಗೆಯಲ್ಲಿ ಹುಳಿ, ಕೆಳಗೆ ಕರುಳಿನಲ್ಲಿ ಐದು ದಿನದಿಂದ ಮುಷ್ಕರ, ಒಳಗೆ ಏನು ಹೋಯಿತು ಎಂದು ಸ್ಫಾಕ್ಸ್ ಊರೆಲ್ಲ ವಿಚಾರಿಸುತ್ತದೆ, ಹೊರಗೆ ಏನು ಬರಲಿಲ್ಲ ಎಂದು ಕೇಳುವವರಿಲ್ಲ, ಕೊಟ್ಟ ಮಾತ್ರೆಯೂ ಬಂದ ದಾರಿಯಲ್ಲೇ ವಾಪಸ್, ನಾಳೆ ತೂಕ, ಕಳೆದ ಸಲ ನಾಲ್ಕು ಕಿಲೋ ಇಳಿದಿತ್ತು, ದಾದಿ ಕನ್ನಡಕದ ಮೇಲಿಂದ ನೋಡಿದ್ದಳು, ಇನ್ನೂ ಇಳಿದರೆ ಆಸ್ಪತ್ರೆ ಮಂಚ, ಕೈಗೆ ಸೂಜಿ, ಏನಾದ್ರೂ ಹೊಟ್ಟೇಲಿ ನಿಲ್ಲಬೇಕಮ್ಮಾ, ಏನಾದ್ರೂ — ಆ ಏನಾದರೂ ಎಂಬುದು ಯಾವ ಅಂಗಡಿಯಲ್ಲಿ ಸಿಗುತ್ತದೋ, ಬಾಗಿಲ ಗಂಟೆ ಬಾರಿಸಿತು, ಅತ್ತೆ ತೆರೆದಳು, ದಲಂದಾಳೇ, ಕೈಯಲ್ಲಿ ಮುಚ್ಚಿದ ತಟ್ಟೆ, ಈ ವಾರದ ಒಂಬತ್ತನೆಯದು, ತಗೊಳ್ಳಿ ಬೇಯಕ್ಕ, ಆಕ್ಟೋಪಸ್ ಬೇಯಿಸಿದೀನಿ, ಸೊಸೆ ಮೂಗಿಗೆ ವಾಸನೆ ಬಡಿದಿರುತ್ತೆ, ಬಯಸಿದ್ದು ಕೊಡದೇ ಇದ್ರೆ ಮಗು ಹಣೆ ಮೇಲೆ ಅದೇ ಆಕ್ಟೋಪಸ್ ಆಕಾರದ ಮಚ್ಚೆ ಮೂಡಿ ಊರೆಲ್ಲ ನನ್ನ ಹೆಸರು ಹೇಳುತ್ತೆ, ಅಷ್ಟರಲ್ಲಿ ಅವಳ ಕಣ್ಣು ಒಳಗಿದ್ದ ವಸೀಲಾಳ ಮೇಲೆ ಬಿತ್ತು, ಅಯ್ಯೋ, ಕೆನ್ನೆಯಿಂದ ಕೈ ತೆಗಿಯೇ, ಬಯಕೆ ಹೊತ್ತಲ್ಲಿ ಮುಟ್ಟಿಕೊಂಡ ಜಾಗಕ್ಕೇ ಮಚ್ಚೆ ಬೀಳೋದು, ಕೆರ್ಕೊಳ್ಳಲೇಬೇಕಿದ್ರೆ ಹಿಂದೆ ಕೆರ್ಕೋ, ಅಲ್ಲಿ ಬಿದ್ರೆ ಚಡ್ಡಿ ಮುಚ್ಚುತ್ತೆ — ಇದು ಬಯಕೆಯಲ್ಲ ತಾಯೀ, ಓಕರಿಕೆ, ಎಂದು ಹೇಳುವುದು ಹೇಗೆ, ಎಂಟು ತಟ್ಟೆಗೂ ತುಂಬಾ ಚೆನ್ನಾಗಿತ್ತು ಎಂದು ಸುಳ್ಳು ಹೇಳಿದ ಬಾಯಿ, ದೇವರು ನಿನ್ನ ಕೈಗೆ ಶಕ್ತಿ ಕೊಡಲಿ ಎಂದು ಅತ್ತೆ ಬೇಯಾ ಹರಸಿ ಬಾಗಿಲು ಹಾಕಿದಳು, ಈಗ ಚಮಚ ಬರುತ್ತದೆ, ಒಂದೇ ಒಂದು ತುತ್ತು ಎನ್ನುತ್ತಾಳೆ, ಬರಲಿಲ್ಲ, ಚಪ್ಪಲಿ ಸದ್ದು ಕೆಳಗಿಳಿದು ಮುಗಿಯುವ ತನಕ ಬೇಯಾ ಕಿವಿಗೊಟ್ಟು ನಿಂತಳು, ಆಮೇಲೆ ಪಿಸುಮಾತಿನಲ್ಲಿ, ಬಾ ಮಾಳಿಗೆಗೆ.

ಮಾಳಿಗೆಯ ಮೇಲೆ ಬರೀ ಗಾಳಿ, ಒಗೆದ ಬಟ್ಟೆ, ಮೂರು ಬೆಕ್ಕು, ಬೇಯಾ ತಟ್ಟೆಯನ್ನು ಅವುಗಳ ಮುಂದೆ ಬೋರಲು ಹಾಕಿದಳು, ಕೈ ಎಷ್ಟು ಪಳಗಿದೆ, ಹಮ್ಮಾದಿ ಹೊಟ್ಟೇಲಿದ್ದಾಗ ನಾನೂ ಹೀಗೇ ಕಣೇ, ಓಣಿ ಬೆಕ್ಕೆಲ್ಲ ಕೊಬ್ಬಿದ್ವು, ನಾನು ಕಡ್ಡಿಯಾಗಿದ್ದೆ, ನಿನ್ನ ಗಂಡನ ಮೈಮೇಲೆ ಒಂದಾದ್ರೂ ಮಚ್ಚೆ ನೋಡಿದೀಯಾ, ವಸೀಲಾ ನೆನಪಿನಲ್ಲೇ ಹುಡುಕಿದಳು, ಬೆನ್ನು, ಭುಜ, ಇನ್ನೂ ಕೆಳಗೆ, ಇಲ್ಲ, ಎಲ್ಲೂ ಇಲ್ಲ, ಮುಖ ಬಿಸಿಯಾಗಿ ನಗು ಬಂತು, ಮೊದಲೇ ಯಾಕೆ ಹೇಳಲಿಲ್ಲ ಅತ್ತೆ, ನೀನು ಚೆನ್ನಾಗಿತ್ತು ಅಂದೆ, ನಾನು ನಂಬಿದೆ, ನಿನ್ನೆ ಬಚ್ಚಲಲ್ಲಿ ನಿನ್ನ ಸದ್ದು ಕೇಳೋ ತನಕ — ಎಂದು ಬೇಯಾ ಹೊದ್ದ ಬಟ್ಟೆಯ ಗಂಟಿನಿಂದ ಡಬ್ಬಿ ತೆಗೆದಳು, ಬಾರ್ಲಿ ಕಡಲೆ ಹುರಿದು ಬೀಸಿದ ಹುರಿಹಿಟ್ಟು, ಎರಡು ಹನಿ ಆಲಿವ್ ಎಣ್ಣೆ, ಕಡಲೆಕಾಳಿನಷ್ಟು ಉಂಡೆ, ಅದು ಹೆಬ್ಬೆರಳ ತುದಿಯಲ್ಲಿ, ಚಮಚ ಬೇಡ, ಕಬ್ಬಿಣದ ವಾಸನೆ ಹೊಡೆಯುತ್ತೆ ನಿಂಗೆ, ನುಂಗು, ಮಾತಾಡಬೇಡ, ನುಂಗಿದಳು, ಕಾದಳು, ಉರಿ ಎದೆಯಲ್ಲಿ ತಲೆಯೆತ್ತಿ ಯಾರು ಬಂದದ್ದು ಎಂದು ನೋಡಿ ಮತ್ತೆ ಮಲಗಿತು, ಕಾಲು ಗಂಟೆ, ಮತ್ತೆ ಹೆಬ್ಬೆರಳು, ಮತ್ತೊಂದು ಕಾಳು, ಒಂದು ಗುಟುಕು ನೀರು, ದೊಡ್ಡ ತೇಗು, ತಟ್ಟೆಗಿಂತ ಈ ತೇಗಿಗೇ ಶಹಬ್ಬಾಸ್ ಎಂದಳು ಬೇಯಾ, ಬೆಕ್ಕು ಮುಖ ತೊಳೆಯುತ್ತಿತ್ತು, ನಾಳೆ ದಾದಿಗೆ ಹೀಗೆ ನಿಂತಿತು ಎಂದು ಹೇಳಬೇಕು, ಅಲ್ಲೇ ಐದು ದಿನದ ವಿಷಯವನ್ನೂ ನಾಚಿಕೆ ಬಿಟ್ಟು — ಆಗ ಒಳಗೆ, ಆಳದಲ್ಲಿ, ಏನೋ ಗುರುಗುಟ್ಟಿತು, ಬರುತ್ತಿದೆ, ಬಕೆಟ್ಟೆಲ್ಲಿ, ಇಲ್ಲ, ಇದು ಮೇಲೆ ಬರುವ ಸದ್ದಲ್ಲ, ಇದು ಕರೆಯುವ ಸದ್ದು, ಎರಡು ತಿಂಗಳಿಂದ ಕೇಳದೆ ಮರೆತೇಹೋಗಿತ್ತು, ಹಸಿವು, ಅತ್ತೆ, ಹಸಿವು, ಇನ್ನೊಂದು ಕೊಡಿ, ಇನ್ನೂ ಕಾಲು ಗಂಟೆ ಆಗಿಲ್ವಲ್ಲೇ, ಆಗದಿದ್ದರೆ ಹೋಗಲಿ, ಕೊಡಿ, ಬೇಯಾ ಹಿಟ್ಟು ಒತ್ತುತ್ತಿದ್ದಾಳೆ, ಎಷ್ಟು ನಿಧಾನ, ಎಣ್ಣೆ ಮಿನುಗುತ್ತದೆ, ಗಾಳಿಗೆ ಚೂರು ಹಿಟ್ಟು ಹಾರುತ್ತದೆ, ಬಂತು, ಅರ್ಧ ದಾರಿಗೆ ಬಂತು, ಹೆಬ್ಬೆರಳು, ತೆರೆದ ಬಾಯಿ, ಹೆಬ್ಬೆರಳು