ಅಜ್ಜಿ ಕೊಟ್ಟ ಸೇಬು

ತುಟಿ ಚುಚ್ಚಿ ಉಂಗುರ ಹಾಕುವವನು ಮಾಸ್ಕ್ ತೆಗೆಯದೆಯೇ ಮಾತಾಡುತ್ತಿದ್ದುದು ಹಣ್ಣು ಮಾರುವ ಅಜ್ಜಿಗೆ ಯಾಕೋ ಸರಿಬರಲಿಲ್ಲ. ಮೊಮ್ಮಗಳು ಮಾತ್ರ ಆಗಲೇ ಕುರ್ಚಿಯೇರಿ ಕೂತಿದ್ದಳು.

“ಕೀವಾಗಲ್ವೇನಪ್ಪಾ? ಹಲ್ಲಿಗೆ ತಗುಲಲ್ವಾ?”

“ಏನೂ ಆಗಲ್ಲಜ್ಜಿ. ಹತ್ತು ವರ್ಷ ನಾನೇ ಹಾಕ್ಕೊಂಡಿದ್ದೆ.”

ಬೆಣ್ಣೆಯಿಂದ ಕೂದಲು ತೆಗೆದಂಥ ಮಾತು! ಅಜ್ಜಿ ಚೀಲದಿಂದ ಸೇಬೊಂದನ್ನು ತೆಗೆದು ಕೊಟ್ಟಳು. ಅವನು ಅದನ್ನು ಹಿಡಿದುಕೊಂಡು ಚಾಕು ಹುಡುಕತೊಡಗಿದ.

“ಮುದುಕಿ ನಾನೇ ಕಚ್ಚಿ ತಿಂತೀನಿ, ನಿನಗ್ಯಾಕೋ ಚಾಕು? ತೆಗಿ ಮಾಸ್ಕು!”

ಅವನು ತಲೆ ತಗ್ಗಿಸಿ ಮಾಸ್ಕ್ ಇಳಿಸಿದ. ಕೆಳತುಟಿಯಲ್ಲಿ ಹಳೆಯ ತೂತಿನ ಗುರುತಿತ್ತು. ಅದರ ಹಿಂದೆ ಒಸಡು ಸವೆದು, ಎರಡು ಹಲ್ಲುಗಳ ಜಾಗ ಖಾಲಿಯಾಗಿತ್ತು.

“ಉಂಗುರ ದಿನಾ ಉಜ್ತಿತ್ತಜ್ಜಿ,” ಎಂದ ಮೆಲ್ಲಗೆ.

ಮೊಮ್ಮಗಳು ಕುರ್ಚಿಯಿಂದಿಳಿದು ಅವನ ಕೈಯ ಸೇಬನ್ನು ಕಿತ್ತುಕೊಂಡವಳೇ ಕಚಕ್ಕನೆ ಕಚ್ಚಿದಳು.