ಉಪ್ಪುಕಂಡದ ಸರ

ಆ ಬೆಳಿಗ್ಗೆ ಅನುಗೊಂಡನಹಳ್ಳಿಯ ಮೇಲೆ ಸೂರ್ಯನ ಸುಳಿವೇ ಇರಲಿಲ್ಲ. ಎಂಟು ದಿನದಿಂದ ಆಷಾಢದ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಜೊತೆಗೆ ಜಿನುಗು ಮಳೆ. ಹೊಲ ನೆನೆಯುವಷ್ಟಿಲ್ಲ, ಬಟ್ಟೆ ಒಣಗಲೂ ಬಿಡುವುದಿಲ್ಲ. ಅಕ್ಕಯಮ್ಮ ಬಾಗಿಲಿಗೆ ನೀರು ಹಾಕಿ, ಮುಗಿಲು ನೋಡಿ, ರಂಗೋಲಿಯ ಎರಡೇ ಎಳೆ ಎಳೆದು, "ಇವತ್ತು ಇಷ್ಟರಲ್ಲೇ ಒಪ್ಕೊಳ್ಳಪ್ಪಾ" ಎಂದು ದೇವರಿಗೆ ಹೇಳಿ ಒಳಗೆ ಬಂದಳು.

ಒಳಗೆ ಸೊಸೆ ರಂಜಿತ ಗೋಡೆಗೆ ಒರಗಿ ಕುಳಿತಿದ್ದಳು. ಐದು ತಿಂಗಳ ಬಸುರಿ. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು ಊರಿನ ಹೊಸ ಸೊಸೆಯರೆಲ್ಲ ತವರಿಗೆ ಹೋಗಿದ್ದರು. ಇವಳ ತವರು ಆಂಧ್ರದ ಗಡಿಯಾಚೆ, ಕುಪ್ಪಂ ಕಡೆಯ ಹಳ್ಳಿ. ಅಪ್ಪ ಮೊದಲೇ ಇರಲಿಲ್ಲ. ಮದುವೆಯಾದ ಎರಡನೇ ತಿಂಗಳಿಗೆ ಅಮ್ಮನೂ ತೀರಿಕೊಂಡು ಆ ಮನೆಗೆ ಬೀಗ ಬಿದ್ದಿತ್ತು. "ಹೊಸಿಲಿನ ವಿಚಾರ ಶಿವ ನೋಡ್ಕೊತಾನೆ, ನೀನು ಇಲ್ಲೇ ಇರವ್ವ" ಎಂದು ಅಕ್ಕಯಮ್ಮ ಅವಳನ್ನು ಉಳಿಸಿಕೊಂಡಿದ್ದಳು.

ಬಯಕೆ ತೀರದ ಬಸುರಿಯ ಕೂಸಿಗೆ ಜೊಲ್ಲು ನಿಲ್ಲುವುದಿಲ್ಲ ಅನ್ನುತ್ತಾರೆ. ಅದು ನಿಜವೋ ಸುಳ್ಳೋ, ತಾಯಿಯಿಲ್ಲದ ಹುಡುಗಿಯ ಬಯಕೆ ತೀರಿಸಬೇಕಾದವಳು ತಾನೇ ಎಂಬುದು ಮಾತ್ರ ಅಕ್ಕಯಮ್ಮನ ಮನಸ್ಸನ್ನು ಬಿಡದೆ ಕಾಡುತ್ತಿತ್ತು. ಹಿಂದಿನ ವಾರ ದೀಪ ಹಚ್ಚುವ ಹೊತ್ತಿನಲ್ಲಿ ಬಹಳ ಕೇಳಿದ ಮೇಲೆ ಹುಡುಗಿ ಒಂದೇ ಮಾತು ಹೇಳಿದ್ದಳು: "ಉಪ್ಪುಕಂಡ."

ಉಪ್ಪು ಎಂಬುದು ತಿಳಿಯಿತು, ಕಂಡವೆಂದರೆ ಬಾಡಿರಬೇಕೆಂದು ಅಂದಾಜಾಯಿತು. ಭಾನುವಾರ ಬಾಡು ತರಿಸಿ, ಧಾರಾಳ ಕೈಯಿಂದ ಉಪ್ಪು ಹಾಕಿದಳು. ತಾನು ರುಚಿ ನೋಡುವಂತಿರಲಿಲ್ಲ. ಹುಟ್ಟುವ ಕೂಸನ್ನು ಶಿವಗಂಗೆಯ ಗಂಗಾಧರೇಶ್ವರನ ಮುಂದೆ ಮಲಗಿಸುವ ತನಕ ಬಾಡನ್ನು ನಾಲಿಗೆಗಿಡುವುದಿಲ್ಲವೆಂದು ಹರಕೆ ಹೊತ್ತಿದ್ದಳು.

ಗಂಡ ಲಕ್ಷ್ಮಯ್ಯ ಮೊದಲ ತುತ್ತಿಗೇ ಮುಖ ಕಿವುಚಿದ. "ಏನೇ ಇದು, ಸಮುದ್ರಾನೇ ಸುರ್ದ್‌ಬಿಟ್ಟಿದೀಯಾ?"

ರಂಜಿತ ಉಂಡು ಎರಡು ಚೊಂಬು ನೀರು ಕುಡಿದಳು.

"ಅದಲ್ವೇನವ್ವ?"

"ಚೆನ್ನಾಗಿದೆ ಅತ್ತೆ. ಅದಲ್ಲ. ಬಿಡಿ, ಅದು ಅಮ್ಮ ಮಾಡ್ತಿದ್ಲು..." ಹುಡುಗಿ ತಟ್ಟೆ ಎತ್ತಿಕೊಂಡು ಎದ್ದಳು. ಬಸುರಿಯನ್ನು ಅಳಿಸಿ ಮಾತಾಡಿಸಬಾರದೆಂದು ಅಕ್ಕಯಮ್ಮ ಮತ್ತೆ ಕೆದಕಲಿಲ್ಲ.

ಈಗ ಈ ಬೆಳಿಗ್ಗೆ, ಹುಡುಗಿ ರೊಟ್ಟಿ ಮುರಿದು ಹಾಗೇ ಇಟ್ಟಿರುವುದನ್ನು ನೋಡಿ, ಅಕ್ಕಯಮ್ಮ ಕೊಡೆ ಹಿಡಿದು ಹೊರಟಳು. ದಾರಿಯುದ್ದಕ್ಕೂ ಮರೆತುಹೋಗದಂತೆ ಆ ಹೆಸರನ್ನೇ ಜಪಿಸಿದಳು.

ಊರಲ್ಲಿ ಕುರಿ ಕೊಯ್ಯುವ ಪಾಪಯ್ಯ ಜಗುಲಿಯ ಮೇಲೆ ಬೀಡಿ ಸೇದುತ್ತಿದ್ದ. ಉಪ್ಪುಕಂಡ ಅಂದರೆ ಯಾವ ಬಾಡೆಂದು ಅಕ್ಕಯಮ್ಮ ಕೇಳಿದಳು.

"ಹರಕೆ ಹೊತ್ತೋಳು ಬೆಳಿಗ್ಗೇನೇ ಬಾಡಿನ ಮಾತಾಡ್ತಿದೀಯಲ್ಲ ಅಕ್ಕಯ್ಯ!"

"ಹರಕೆ ಇರೋದು ತಿನ್ನೋದಕ್ಕೆ ಕಣೋ, ಮಾತಿಗಲ್ಲ. ಗೊತ್ತಾ ಇಲ್ವಾ ಹೇಳು."

"ಗೊತ್ತಿಲ್ಲಮ್ಮೋ. ಬೋಟಿ ಅಂದ್ರೆ ನಮ್ಗೆ ಕರುಳು, ಹೊಸಕೋಟೆ ಸಾಬ್ರಿಗೆ ಮೂಳೆ ಇಲ್ದಿರೋ ತುಂಡು. ನನ್ನ ಬಾಮೈದ ಬಿಜಾಪುರದಾಗೆ ಇದ್ನಲ್ಲ, ಅಲ್ಲಿ ನಮ್ಮ ಬಾಡ್ನ ಖಂಡ ಅಂತಾರಂತೆ. ನಿನ್ನ ಸೊಸೆ ಊರ್ನಾಗೆ ಏನಂತಾರೋ! ಕುರಿ ಮಾತ್ರ ಪಾಪ, ಯಾವ ಸೀಮೇಲಾದ್ರೂ ಬ್ಯಾ ಅಂತ್ಲೇ ಅನ್ನೋದು."

ಅಕ್ಕಯಮ್ಮ ನಗು ತಡೆದುಕೊಂಡು ಬಸ್ಸು ಹತ್ತಿದಳು.

ಹೊಸಕೋಟೆ ಮಾರುಕಟ್ಟೆಯ ಮೂಲೆಯಲ್ಲಿ ಮುತ್ತಮ್ಮ ಎಂಬ ಮುದುಕಿ ಗೋಣಿತಾಟು ಹೊದ್ದು ಒಣಮೀನು ಮಾರುತ್ತಿದ್ದಳು. ತಮಿಳು ಮನೆಮಾತಿನವಳು. ತಾಯಿಯಿಲ್ಲದ ಬಸುರಿ ಸೊಸೆಯ ಬಯಕೆಯೆಂದು ಅಕ್ಕಯಮ್ಮ ಆ ಹೆಸರು ಹೇಳಿದ್ದೇ ತಡ ಮುದುಕಿಯ ಮುಖ ಅರಳಿತು.

"ಉಪ್ಪುಕಂಡಂ! ಎಷ್ಟು ವರ್ಷ ಆಯ್ತಮ್ಮಾ ಈ ಹೆಸರು ಬೇರೇವ್ರ ಬಾಯಲ್ಲಿ ಕೇಳಿ. ಉಪ್ಪು ಅರಿಶಿನ ಹಚ್ಚಿ, ದಾರಕ್ಕೆ ಪೋಣ್ಸಿ, ಬಿಸ್ಲಿಗೆ ಕಟ್ಟೋದು."

ಅಕ್ಕಯಮ್ಮ ಹಣೆ ಬಡಿದುಕೊಂಡಳು. "ಅಯ್ಯೋ, ಒಣಬಾಡಾ! ನಮ್ಮತ್ತೆ ಕಾಲದಾಗೆ ಮಾಡ್ತಿದ್ರು. ಬರಗಾಲದ ಊಟ ಅಂತ ನಾವು ಬಿಟ್ಟೇಬಿಟ್ವಿ."

"ನಿಮ್ಗೆ ಬರಗಾಲದ್ದು. ಆ ಮಗೀಗೆ ಅವ್ರಮ್ಮಂದು."

ಈ ಜಿನುಗಿನಲ್ಲಿ ಒಣಗಿಸುವುದೆಲ್ಲಿಂದ ಬಂತು? ಅಕ್ಕಯಮ್ಮ ಮುಗಿಲು ನೋಡಿದಳು. ಮುತ್ತಮ್ಮ ಅವಳನ್ನು ನೋಡಿದಳು. ಬುಟ್ಟಿ ಕಾಯಲು ಪಕ್ಕದವಳಿಗೆ ಹೇಳಿ ಎದ್ದು ಹೋದ ಮುದುಕಿ, ಸ್ವಲ್ಪ ಹೊತ್ತಿಗೆ ಕಾಗದದಲ್ಲಿ ಸುತ್ತಿದ ಒಂದು ಸರ ತಂದಳು. ಮನೆಯ ಒಲೆಯ ಮೇಲೆ ತೂಗುಬಿಟ್ಟಿದ್ದ ಕೊನೆಯ ಸರವಂತೆ, ಹೊಗೆಯ ವಾಸನೆಯಿತ್ತು. ಅಕ್ಕಯಮ್ಮ ಸೆರಗಿನ ಗಂಟು ಬಿಚ್ಚಹೋದಳು.

"ದುಡ್ಡು ತೆಗೀಬೇಡ ತಾಯಿ. ಬಸುರಿ ಬಯಕೇನ ಮಾರ್ಬಾರ್ದು. ಬಿಸ್ಲು ಬಂದಾಗ ನೀವೇ ಮಾಡಿ, ಒಂದು ಸರ ತಂದ್ಕೊಡಿ ಸಾಕು."

ಮನೆಗೆ ಬಂದು ಅಕ್ಕಯಮ್ಮ ನಾಲ್ಕು ತುಂಡು ಬಿಡಿಸಿ ಕೆಂಡದ ಮೇಲೆ ಸುಟ್ಟಳು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ರಂಜಿತ ಬೂದಿಗೈಯಲ್ಲೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕೈ ತೊಳೆದುಕೊಂಡು ಬಂದು ಕುಳಿತು, ಒಂದು ತುಂಡನ್ನು ಬಹಳ ಹೊತ್ತು ಅಗಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅದೇನಾ ಮಗಾ?"

"ಅದೇ. ಆದ್ರೆ ಅಮ್ಮಂದಲ್ಲ." ಹುಡುಗಿ ಸುಳ್ಳು ಹೇಳಲಿಲ್ಲ. "ಅಮ್ಮ ಬೆಳ್ಳುಳ್ಳಿ ಜಜ್ಜಿ ಹಚ್ತಿದ್ಲು."

"ನಂಗೆ ಹೇಳ್ಕೊಡು. ಅವ್ರು ಹ್ಯಾಗೆ ಮಾಡ್ತಿದ್ರೋ ಹಂಗೇ ಮಾಡಾಣ."

ಆ ದಿನ ರಂಜಿತ ಮೊದಲ ಬಾರಿಗೆ ಆ ಮನೆಯಲ್ಲಿ ಬಾಯಿ ತುಂಬ ಮಾತಾಡಿದಳು. ಅಮ್ಮ ತನ್ನ ತೆಲುಗಿನಲ್ಲಿ ಬಾಡನ್ನು ‘ಸಿಯ್ಯಲು’ ಅನ್ನುತ್ತಿದ್ದುದು, ಕುರಿಯ ತಲೆಯನ್ನು ‘ತಲಕಾಯ’ ಅನ್ನುತ್ತಿದ್ದುದು, ಕಾಗೆ ಓಡಿಸುತ್ತ ಬಿಸಿಲಲ್ಲಿ ಕುಳಿತು ತತ್ವದ ಪದ ಹೇಳುತ್ತಿದ್ದುದು. ಕೇಳುತ್ತ ಕೇಳುತ್ತ ಅಕ್ಕಯಮ್ಮನಿಗೆ, ತಾನು ಒಮ್ಮೆ ಮಾತ್ರ ಕಂಡಿದ್ದ ಬೀಗಿತ್ತಿ ಒಲೆಯ ಆ ಬದಿಗೆ ಬಂದು ಕುಳಿತಂತೆ ಅನ್ನಿಸಿತು. ಹೋದವರನ್ನು ಭಗವಂತ ಹೀಗೂ ಒಂದು ಗಳಿಗೆ ಕಳಿಸಿಕೊಡುತ್ತಾನೇನೋ.

ಕಾರ್ತೀಕದಲ್ಲಿ ಹೆಣ್ಣು ಕೂಸು ಹುಟ್ಟಿತು. ಮಾಘದ ಬಿಸಿಲಿಗೆ ಅಕ್ಕಯಮ್ಮನ ಮಗ, ರಂಜಿತಳ ಗಂಡ ನರೇಶ ಮಾಳಿಗೆಯ ಮೇಲೆ ಹಗ್ಗ ಕಟ್ಟಿಕೊಟ್ಟ. ರಂಜಿತ ಬೆಳ್ಳುಳ್ಳಿ ಜಜ್ಜಿ ಹಚ್ಚಿ ಪೋಣಿಸಿದಳು. ಹರಕೆ ಇನ್ನೂ ತೀರಿರದ ಅಕ್ಕಯಮ್ಮ ಕೋಲು ಹಿಡಿದು, ತೊಡೆಯ ಮೇಲೆ ಕೂಸನ್ನಿಟ್ಟುಕೊಂಡು ಕಾಗೆ ಓಡಿಸುತ್ತ ಕುಳಿತಳು.

ಒಣಗಿದ ಮೇಲೆ ಅತ್ತೆ ಸೊಸೆ ಇಬ್ಬರೂ ಹೊಸಕೋಟೆಗೆ ಹೋದರು. ಮುತ್ತಮ್ಮ ಯಾರಿಗೋ ಮೀನು ಅಳೆದುಕೊಡುತ್ತ ಚೌಕಾಸಿಯಲ್ಲಿ ಮುಳುಗಿದ್ದಳು. ರಂಜಿತ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಬುಟ್ಟಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಾದಳು. ಗಿರಾಕಿ ಹೋದ ಮೇಲೆ, ಬಾಳೆ ಎಲೆಯಲ್ಲಿ ಸುತ್ತಿ ತಂದಿದ್ದ ಸರವನ್ನು ಮುದುಕಿಯ ಮಡಿಲಲ್ಲಿ ಇಟ್ಟಳು.