ಏಳನೇ ಹಾಳೆ

ಅಣ್ಣ ಎರಡೇ ಚಿತ್ರ ಬರೆದು ಕಳಿಸುತ್ತಿದ್ದ: ಮೊದಲಿನದು, ಕೊನೆಯದು. ನಡುವಿನವು ತಂಗಿಯ ಪಾಲು. ಕಾರ್ಟೂನ್ ಸಿನಿಮಾದಲ್ಲಿ ಗೊಂಬೆ ಕೈ ಎತ್ತಿತು ಎಂದು ಮಕ್ಕಳು ಚಪ್ಪಾಳೆ ತಟ್ಟುತ್ತಾರಲ್ಲ, ಅಲ್ಲಿ ಯಾವ ಕೈಯೂ ಎದ್ದಿರುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸದ ಹತ್ತಾರು ಹಾಳೆಗಳು ಸರಸರ ಸರಿದು ಕಣ್ಣಿಗೆ ಮಣ್ಣೆರಚಿರುತ್ತವೆ, ಅಷ್ಟೇ. ಆ ಮಣ್ಣು ಹೊರುವ ಕೆಲಸ ಇಪ್ಪತ್ತು ವರ್ಷದಿಂದ ತಂಗಿಯದು. ಹೆಸರು ಬಂದದ್ದು ಅಣ್ಣನಿಗೆ. ಅದಕ್ಕವಳು ಬೇಸರಪಟ್ಟವಳಲ್ಲ.

ಬೇಸರವಿದ್ದದ್ದು ಮಾತಿನದು. ಅಮ್ಮ ಹಾಸಿಗೆ ಹಿಡಿದಾಗ, "ನೀನು ಗೊಂಬೆ ಕುಣಿಸ್ತಾ ಇರು, ಅಮ್ಮ ಸಾಯೋದನ್ನ ನಾನೇ ನೋಡ್ಕೋತೀನಿ" ಎಂದು ಅವಳೇ ಅಣ್ಣನಿಗೆ ಅಂದುಬಿಟ್ಟಿದ್ದಳು. ಅಣ್ಣನಿಗೋ ಮೂಗಿನ ತುದಿಯಲ್ಲೇ ಕೋಪ. ಅಂದಿನಿಂದ ಎರಡು ವರ್ಷ ಹಾಳೆಗಳು ಬಂದವು, ಮಾತು ಬರಲಿಲ್ಲ. ಅಮ್ಮ ಹೋದ ಮೇಲೆ ಅವಳಿಗೆ ಬೇರೆ ಯಾರೂ ಇರಲಿಲ್ಲ. ಅಡಿಯಿಂದ ಬೆಳಕು ಬರುವ ಗಾಜಿನ ಮೇಜಿನ ಮುಂದೆ ದಿನವಿಡೀ ಕೂತು, ಸಂಜೆ ತನ್ನ ದನಿ ಇದೆಯೋ ಇಲ್ಲವೋ ಎಂದು ಒಮ್ಮೆ ಕೆಮ್ಮಿ ನೋಡುತ್ತಿದ್ದಳು.

ಈ ಸಲ ಬಂದದ್ದು ಹುಡುಗಿಯೊಬ್ಬಳು ಬಾಗಿಲು ಮುಚ್ಚುವ ದೃಶ್ಯ. ನಡುವೆ ಹದಿಮೂರು ಹಾಳೆ. ಏಳನೆಯದರಲ್ಲಿ ಅವಳೊಂದು ಅಧಿಕಪ್ರಸಂಗ ಮಾಡಿದಳು: ಬಾಗಿಲತ್ತ ಇರಬೇಕಾದ ಹುಡುಗಿಯ ಕಣ್ಣನ್ನು ನೋಡುವವರತ್ತ ನೆಟ್ಟಳು. ಪರದೆಯ ಮೇಲೆ ಅದು ಯಾರಿಗೂ ಕಾಣದು. ಒಂದೊಂದೇ ಹಾಳೆ ಮಗುಚುವ ಅಣ್ಣನಿಗೆ ಕಾಣದೆ ಇರದು. ಬೈಯಲಿ, ಬೈದರೂ ಮಾತಾಡಿದ ಹಾಗಾಯಿತಲ್ಲ!

ವಾರದ ಮೇಲೆ, ಪೆನ್ಸಿಲ್ ಗೆರೆಗಳ ಮೇಲೆ ಶಾಯಿ ಎಳೆಯಲೆಂದು ಕಟ್ಟು ವಾಪಸು ಬಂತು. ತಪ್ಪಿದ ಹಾಳೆಗೆ ಕೆಂಪು ಗೀಟೆಳೆದು ಕಳಿಸುವುದು ಅಣ್ಣನ ಪದ್ಧತಿ. ಕೆಂಪು ಎಲ್ಲೂ ಇರಲಿಲ್ಲ. ಏಳನೆಯದರಲ್ಲಿ ಕಣ್ಣು ಬಾಗಿಲತ್ತಲೇ ಇತ್ತು. ತಾನೇ ಕೂತು ಹೊಸದಾಗಿ ಬರೆದಿದ್ದ.

"ನಾನು ಬರೆದಿದ್ದೆಲ್ಲಿ?" ಎಂದು ಕಟ್ಟು ತಂದ ಜವಾನನನ್ನು ಕೇಳಿದಳು.

"ಅದಾ? ಮಡಚಿ ಜೇಬಲ್ಲಿಟ್ಕೊಂಡ್ರು ಅಕ್ಕಾ. ಮೂಲೆ ಮುದುರಿದ್ರೇ ನಮ್ಮನ್ನ ಹುರಿದು ಮುಕ್ಕೋರು, ತಾವೇ ಹಾಳೆ ಮಡಚಿದ್ದು ಇದೇ ಮೊದ್ಲು ನೋಡಿದ್ದು."

"ಏನಾದ್ರೂ ಅಂದನಾ?"

"ಏನೂ ಇಲ್ಲ."

ಅವನು ಹೋದ ಮೇಲೆ ಹದಿಮೂರನ್ನೂ ಬೆರಳಲ್ಲಿ ಸರಸರ ಮಗುಚಿದಳು. ಬಾಗಿಲು ಎಲ್ಲೂ ತಡವರಿಸದೆ ಮುಚ್ಚಿತು. ಯಾವ ಗೆರೆ ಯಾರದೆಂದು ಹೇಳುವಂತಿರಲಿಲ್ಲ. ಚಿಕ್ಕಂದಿನಲ್ಲಿ ಕೈಹಿಡಿದು ಬರೆಸಿದವನು ಅವನೇ ತಾನೆ. ಅವಳಿಗೆ ಅಳು ಒತ್ತರಿಸಿ ಬಂತು. ಜೇಬಿನಲ್ಲಿಟ್ಟುಕೊಳ್ಳಬಲ್ಲವನು ಒಂದು ಮಾತು ಆಡಲಾರದೆ ಹೋದನೆ? ಆ ಕಡೆಯೂ ತನ್ನಷ್ಟೇ ಒಂಟಿ ಜೀವ ಕೂತಿದೆ ಎಂದು ಅವಳಿಗೆ ಹೊಳೆದದ್ದು ಆಗ.

ಮುಖ ತೊಳೆದು ಚಪ್ಪಲಿ ಮೆಟ್ಟಿ ಹೊರಟಳು. ನಿಲ್ದಾಣದಲ್ಲಿ ನಿಂತ ಮೇಲೆ, ಅಣ್ಣನ ಮನೆಗೆ ಯಾವ ಬಸ್ಸು ಹತ್ತಬೇಕೆಂದು ಪಕ್ಕದವರನ್ನು ಕೇಳಬೇಕಾಯಿತು.